ಗುರಿ ಬೆಲೆ ಮತ್ತು ಅತ್ತೆಯ ಮಂಡಿ

ಜೋರಾಗಿ ಮಾತನಾಡುವವರನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ಅದೇ ಮಾತನ್ನು ಯಾರಾದರೂ ಅಚ್ಚು ಹಾಕಿಸಿ, ಪಕ್ಕದಲ್ಲಿ ಒಂದು ಗ್ರಾಫು ಬರೆದು, ಅಡಿಯಲ್ಲಿ ಪುಟಸಂಖ್ಯೆ ಕೊಟ್ಟುಬಿಟ್ಟರೆ ಮುಗಿಯಿತು, ಕೈಮುಗಿದು ನಿಂತುಬಿಡುತ್ತೇನೆ. ಇದು ನನ್ನ ಹುಟ್ಟುಗುಣ. ತುಮಕೂರು ಬಸ್ ನಿಲ್ದಾಣದಲ್ಲಿ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಶ್ರದ್ಧೆಯಿಂದ ಓದುತ್ತ ನಿಂತವನು, ಬೆನ್ನ ಹಿಂದೆ ಕಂಡಕ್ಟರು ‘ಗುಬ್ಬಿ ಗುಬ್ಬಿ ಗುಬ್ಬಿ’ ಎಂದು ಗಂಟಲು ಹರಿದುಕೊಳ್ಳುತ್ತಿದ್ದರೂ, ಪಟ್ಟಿಯ ಪ್ರಕಾರ ಈಗ ಗುಬ್ಬಿಗೆ ಬಸ್ಸಿಲ್ಲವಲ್ಲ ಎಂದು ಅಲ್ಲೇ ಉಳಿದುಬಿಟ್ಟಿದ್ದೇನೆ. ನನ್ನ ಹೆಂಡತಿ ಸುಮಿತ್ರ ಬಸ್ಸಿನೊಳಗೆ ಕೂತು, ಕಿಟಕಿಯಿಂದ ಕೈಬೀಸಿ ಕರೆದೂ ಕರೆದೂ ಸಾಕಾಗಿ, ಒಬ್ಬಳೇ ತವರಿಗೆ ಹೋದಳು. ಅವತ್ತಿನಿಂದ ಅವಳು ನನಗೆ ಏನನ್ನಾದರೂ ಒಪ್ಪಿಸಬೇಕಾದರೆ ಬಾಯಲ್ಲಿ ಹೇಳುವುದಿಲ್ಲ. ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾಳೆ.

ಇಂಥ ದೌರ್ಬಲ್ಯ ನನಗಿರಬಾರದಿತ್ತು. ಏಕೆಂದರೆ ವರದಿ ಬರೆಯುವುದೇ ನನ್ನ ಕಸುಬು. ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ನೀರೆತ್ತುವ ಪಂಪಿನ ಬಿಡಿಭಾಗಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ತಪಾಸಣೆಯವನು. ದಿನವಿಡೀ ಉಕ್ಕಿನ ಬಳೆಗಳನ್ನು ಅಳೆದು, ಇದು ಪಾಸು, ಇದು ಫೇಲು ಎಂದು ಕಾಗದದಲ್ಲಿ ಬರೆಯುತ್ತೇನೆ. ಒಂದು ವರದಿ ಹೇಗೆ ಹುಟ್ಟುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೇಟಿನಲ್ಲಿ ಲಾರಿ ನಿಂತಿರುತ್ತದೆ, ಡ್ರೈವರ್ ಹಾರನ್ ಹೊಡೆಯುತ್ತಿರುತ್ತಾನೆ, ಮಾಲೀಕರು ನನ್ನ ಹೆಗಲ ಹಿಂದೆ ನಿಂತು ನಿಧಾನವಾಗಿ ಉಸಿರು ಬಿಡುತ್ತಿರುತ್ತಾರೆ. ಆಗ ಎಂಥ ಸತ್ಯವಂತನ ಪೆನ್ನಿನಿಂದಲೂ ‘ತಿರಸ್ಕೃತ’ ಎಂಬ ಪದ ಇಳಿಯುವುದಿಲ್ಲ. ‘ಷರತ್ತಿನ ಮೇರೆಗೆ ಒಪ್ಪಿಗೆ’ ಎಂದು ಇಳಿಯುತ್ತದೆ. ಇಷ್ಟು ಗೊತ್ತಿದ್ದೂ ಇನ್ನೊಬ್ಬರ ವರದಿ ಕಂಡರೆ ಕರಗಿಹೋಗುತ್ತೇನೆ. ಹೋಟೆಲಿನ ಅಡುಗೆಯವನು ಬೇರೆ ಹೋಟೆಲಿಗೆ ಊಟಕ್ಕೆ ಹೋದಾಗ ಅಲ್ಲಿಯ ಅಡುಗೆಮನೆಯನ್ನು ನೆನಪಿಸಿಕೊಳ್ಳುತ್ತಾನೆಯೇ?

ನನ್ನ ಸಂಕಟ ಶುರುವಾದದ್ದು ಅತ್ತೆಯ ಮಂಡಿಯಿಂದ. ಅತ್ತೆ ಗೌರಮ್ಮನವರು ಗುಬ್ಬಿಯಲ್ಲಿ, ಮಾವ ತೀರಿಕೊಂಡ ಮೇಲೆ, ಒಬ್ಬರೇ ಕಿರಾಣಿ ಅಂಗಡಿ ನಡೆಸಿದವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ತಕ್ಕಡಿ. ದಿನಕ್ಕೆ ನೂರು ಸಲ ಸ್ಟೂಲು ಹತ್ತಿ ಇಳಿದು ಎರಡೂ ಮಂಡಿ ಸವೆದುಹೋಗಿದ್ದವು. ಕಡೆಗೆ ಅಂಗಡಿಯನ್ನು ಮಾರಿ, ಬಂದ ಹಣದಲ್ಲಿ ಮಂಡಿ ಬದಲಾಯಿಸುವ ಆಪರೇಷನ್ನಿಗೆಂದು ಒಂದು ಮೊತ್ತವನ್ನು ತೆಗೆದು ನನ್ನ ಖಾತೆಗೆ ಹಾಕಿಸಿದರು. “ಬ್ಯಾಂಕಲ್ಲಿ ಇಟ್ಟಿರಪ್ಪ. ಮಳೆಗಾಲ ಕಳೀಲಿ, ಮಾಡಿಸ್ಕೊತೀನಿ. ಅವಳ ಕೈಗೆ ಕೊಟ್ರೆ ಯಾರಾದ್ರೂ ಕಷ್ಟ ಅಂದ್ರೆ ಎತ್ತಿ ಕೊಟ್ಬುಡ್ತಾಳೆ. ನೀನು ಅಳೆದು ನೋಡೋನು” ಎಂದರು. ಮಗಳ ಎದುರಿಗೇ ಅಳಿಯನಿಗೆ ಸಿಕ್ಕ ಈ ಪ್ರಶಸ್ತಿಯಿಂದ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಅದೇ ತಿಂಗಳು ನನ್ನ ಫೋನಿಗೆ ಒಂದು ವರದಿ ಬಂತು. ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಒಂದು ಬ್ರೋಕರೇಜ್ ಕಂಪನಿಯಲ್ಲಿ ಷೇರು ಖಾತೆ ತೆರೆದಿಟ್ಟಿದ್ದೆ. ಅವರು ಹಬ್ಬದ ಶುಭಾಶಯ ಕಳಿಸಿದಂತೆ ವರದಿಗಳನ್ನೂ ಕಳಿಸುತ್ತಿದ್ದರು. ಇದು ಇಂಗ್ಲಿಷಿನಲ್ಲಿದ್ದ ಹದಿನಾಲ್ಕು ಪುಟದ್ದು. ನಾಳಿನ ಅತಿವೇಗದ ಯಂತ್ರವೆನ್ನುವ ಕ್ವಾಂಟಂ ಕಂಪ್ಯೂಟರಿಗೆ ಬೇಕಾದ ಚಿಪ್ಪುಗಳನ್ನು ತಯಾರಿಸಲಿರುವ ಒಂದು ಸಣ್ಣ ಕಂಪನಿಯ ಬಗ್ಗೆ. ಮೊದಲ ಪುಟದ ಮೂಲೆಯಲ್ಲಿ ಹಸಿರು ಚೌಕದೊಳಗೆ ‘ಕೊಳ್ಳಿ’ ಎಂದಿತ್ತು. ಅದರ ಕೆಳಗೆ ಇವತ್ತಿನ ಬೆಲೆ, ಅದರ ಕೆಳಗೆ ಗುರಿ ಬೆಲೆ, ಅಂದರೆ ವರ್ಷದೊಳಗೆ ಷೇರು ಮುಟ್ಟಬೇಕಾದ ಬೆಲೆ. ಅದು ಇವತ್ತಿನದರ ದುಪ್ಪಟ್ಟಿಗೂ ಹೆಚ್ಚಿತ್ತು. ಬರೆದವರ ಹೆಸರಿನ ಮುಂದೆ ಮೂರು ಪದವಿಗಳಿದ್ದವು. ನಾನು ಸಂಭ್ರಮದಿಂದ ಸುಮಿತ್ರಳಿಗೆ ತೋರಿಸಿದೆ.

“ಈ ಕಂಪನಿ ಏನ್ ಮಾಡುತ್ತೆ?” ಎಂದಳು.

“ಇನ್ನೂ ಏನೂ ಮಾಡಿಲ್ಲ. ಮಾಡುತ್ತೆ.”

“ನಮ್ಮ ಸ್ಕೂಲಲ್ಲೂ ಅಂಥ ಹುಡುಗ್ರು ತುಂಬಾ ಇದಾರೆ ಕಣ್ರೀ” ಎಂದು ಅವಳು ಉತ್ತರ ಪತ್ರಿಕೆಗಳನ್ನು ತಿದ್ದಲು ಕೂತಳು.

ಆ ಹುಡುಗರ ಬಗ್ಗೆ ಮೂರು ಪದವಿಯವರು ವರದಿ ಬರೆದಿರಲಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅವಳ ಮಾತನ್ನು ತಳ್ಳಿಹಾಕಿದೆ. ಅತ್ತೆಯ ಹಣದಲ್ಲಿ ಅರ್ಧವನ್ನು ಬ್ಯಾಂಕಿನಲ್ಲಿಟ್ಟೆ. ಉಳಿದರ್ಧಕ್ಕೆ ಷೇರು ಕೊಂಡೆ. ಯಾರಿಗೂ ಹೇಳಲಿಲ್ಲ. ಎಡಮಂಡಿಯ ಹಣ ಬ್ಯಾಂಕಿನಲ್ಲಿದೆ, ಬಲಮಂಡಿಯದು ಚಿಪ್ಪಿನಲ್ಲಿದೆ, ಮಳೆಗಾಲ ಕಳೆಯುವಷ್ಟರಲ್ಲಿ ಬಲಮಂಡಿಯೇ ಎರಡನ್ನೂ ಸಾಕುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೊದಲ ವಾರ ಷೇರು ಏರಿತು. ಆ ವಾರ ನಾನು ಗಾಡಿಗೆ ಪೆಟ್ರೋಲು ಹಾಕಿಸುವಾಗ ಮೀಟರು ನೋಡಲಿಲ್ಲ, ತರಕಾರಿಯವಳ ಹತ್ತಿರ ಚೌಕಾಸಿ ಮಾಡಲಿಲ್ಲ. ಕಾರ್ಖಾನೆಯಲ್ಲಿ ಮಾಲೀಕರ ಉಸಿರನ್ನು ಲೆಕ್ಕಿಸದೆ ಎರಡು ಬಾರಿ ‘ತಿರಸ್ಕೃತ’ ಎಂದು ಬರೆದೂಬಿಟ್ಟೆ.

ಎರಡನೆಯ ವಾರ ಅದು ಇಳಿಯತೊಡಗಿತು. ನಿಧಾನವಾಗಿ ಇಳಿದಿದ್ದರೆ ಅಭ್ಯಾಸವಾಗುತ್ತಿತ್ತೇನೋ. ಒಂದು ದಿನ ಇಳಿದು, ಮರುದಿನ ಒಂದು ಚೂರು ಏರಿ, ನನ್ನಲ್ಲಿ ಆಸೆ ಹುಟ್ಟಿಸಿ, ಅದರ ಮರುದಿನ ಇನ್ನಷ್ಟು ಇಳಿಯುತ್ತಿತ್ತು. ವರದಿ ಬರೆದವರು ಈಗ ಇನ್ನೊಂದು ವರದಿ ಕಳಿಸಿದರು. ಹಸಿರು ಚೌಕದಲ್ಲಿ ಈಗಲೂ ‘ಕೊಳ್ಳಿ’ ಎಂದೇ ಇತ್ತು. ಗುರಿ ಬೆಲೆ ಮಾತ್ರ ಸದ್ದಿಲ್ಲದೆ ಕೆಳಗಿಳಿದಿತ್ತು. ನನಗೆ ದಿಗಿಲಾಯಿತು. ಗುರಿಯೇ ಓಡಿ ನಮ್ಮ ಕಡೆ ಬರುತ್ತಿದ್ದರೆ ಇದೆಂಥ ಬಾಣ? ಇನ್ನೊಬ್ಬರ ಅಭಿಪ್ರಾಯ ಕೇಳೋಣವೆಂದು ಬೇರೆ ಬ್ರೋಕರೇಜ್ ಕಂಪನಿಗಳ ವರದಿಗಳನ್ನು ಹುಡುಕಿ ಹುಡುಕಿ ಓದಿದೆ. ಒಬ್ಬರು ‘ಇಟ್ಟುಕೊಳ್ಳಿ’ ಎಂದಿದ್ದರು. ಇನ್ನೊಬ್ಬರು ‘ಇಳಿದಾಗಲೆಲ್ಲ ಕೂಡಿಸಿಕೊಳ್ಳಿ’ ಎಂದಿದ್ದರು. ಮತ್ತೊಬ್ಬರು ‘ತಟಸ್ಥ’ ಎಂದಿದ್ದರು. ಅಳಿಯನಿಗೆ ತಟಸ್ಥನಾಗಿರುವ ಸೌಕರ್ಯ ಎಲ್ಲಿದೆ? ಒಬ್ಬರೂ ‘ಮಾರಿ’ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಮನೆಗೆ ಕಾಯಿಲೆ ಬಂದಾಗ ನಾಲ್ಕು ಡಾಕ್ಟರ ಹತ್ತಿರ ಓಡುವವರಿಗೆ ಆಗುವುದೇ ನನಗೂ ಆಯಿತು. ಕಾಯಿಲೆ ಒಂದೇ ಉಳಿಯಿತು, ಹೆಸರು ನಾಲ್ಕಾದವು.

ಮಾರುಕಟ್ಟೆ ತೆರೆಯುವುದು ಬೆಳಗ್ಗೆ ಒಂಬತ್ತೂಕಾಲಿಗೆ, ಮುಚ್ಚುವುದು ಮಧ್ಯಾಹ್ನ ಮೂರೂವರೆಗೆ. ಕಾರ್ಖಾನೆಯಲ್ಲಿ ಕೆಲಸದ ವೇಳೆ ಫೋನು ಮುಟ್ಟುವಂತಿಲ್ಲ. ಹಾಗಾಗಿ ಆ ಆರು ಗಂಟೆಯ ಅವಧಿಯಲ್ಲಿ ನಾನು ಹನ್ನೆರಡು ಸಲವಾದರೂ ಶೌಚಾಲಯಕ್ಕೆ ಹೋಗುತ್ತಿದ್ದೆ. ಒಳಗೆ ನಿಂತು ಬೆಲೆ ನೋಡಿ, ಬೆವರು ಒರೆಸಿಕೊಂಡು ಬರುತ್ತಿದ್ದೆ. ಅಳೆದ ಬಳೆಯನ್ನೇ ಮತ್ತೆ ಅಳೆದೆ. ಪಾಸಾದದ್ದನ್ನು ಫೇಲಿನ ಬುಟ್ಟಿಗೆ ಹಾಕಿದೆ. ಫೇಲಾದ ಒಂದು ಇಡೀ ಪೆಟ್ಟಿಗೆ ಲಾರಿ ಹತ್ತಿ ಊರ್ಡಿಗೆರೆಯವರೆಗೂ ಹೋಗಿ ವಾಪಸು ಬಂತು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, ಬಯ್ಯಲಿಲ್ಲ, ಮೃದುವಾಗಿ ಕೇಳಿದರು: “ಇಷ್ಟು ಸಲ ಹೋಗ್ತೀರಲ್ಲ, ಶುಗರ್ ಏನಾದ್ರೂ ಬಂದಿದ್ಯಾ ನೋಡಿಸ್ಕೊಳ್ರಿ.” ಅಷ್ಟಕ್ಕೆ ನಿಲ್ಲದೆ ಸುಮಿತ್ರಳಿಗೂ ಫೋನು ಮಾಡಿ ಹೇಳಿದರು. ಅವಳು ಮರುದಿನವೇ ಬಿ.ಎಚ್. ರಸ್ತೆಯ ಲ್ಯಾಬಿಗೆ ಎಳೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಎಲ್ಲ ಸರಿಯಾಗಿದೆ ಎಂದು ವರದಿ ಬಂತು. ಜೀವಮಾನದಲ್ಲಿ ನಾನು ನಂಬದ ಮೊದಲ ವರದಿ ಅದು. ನನಗೆ ಏನೂ ಆಗಿಲ್ಲ ಎಂದು ಹೇಳಲು ಅವರಿಗೆಷ್ಟು ಧೈರ್ಯ!

ಈ ನಡುವೆ ಒಂದು ದಿನ ಬಿಡಿಭಾಗದ ಮಾದರಿ ಕೊಡಲು ಕುಣಿಗಲ್ಲಿಗೆ ಹೋಗಬೇಕಾಯಿತು. ಕೆಲಸ ಮುಗಿದ ಮೇಲೆ ಬೋರಣ್ಣನನ್ನು ನೋಡಿ ಬರೋಣವೆನ್ನಿಸಿತು. ಬೋರಣ್ಣ ನಮ್ಮ ತಂದೆಯ ಗೆಳೆಯ. ಜೀವಮಾನವೆಲ್ಲ ಅಲ್ಲಿನ ಕುದುರೆ ಫಾರಮಿನಲ್ಲಿ ರೇಸಿನ ಕುದುರೆಗಳ ಮೈ ಉಜ್ಜಿ, ಮೇವು ಹಾಕಿ, ಈಗ ನಿವೃತ್ತನಾಗಿ ಕೆರೆ ಏರಿಯ ಮೇಲೆ ಸಂಜೆ ಹೊತ್ತು ಕೂರುತ್ತಾನೆ. ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ನಾನು ಅವನಿಗೆ ಹೇಳಿಬಿಟ್ಟೆ. ಫೋನು ತೆಗೆದು ವರದಿಗಳನ್ನೂ ತೋರಿಸಿದೆ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಚಿತ್ರ, ಗ್ರಾಫುಗಳನ್ನು ಗಂಭೀರವಾಗಿ ನೋಡಿದ.

“ಕುದುರೆಮರಿ ಹರಾಜಲ್ಲೂ ಇಂಥವೇ ಪುಸ್ತಕ ಮಾಡ್ಸೋರು ಕಣ್ಲಾ. ಯಾವ ಊರ ಹರಾಜಾದ್ರೂ ಅಷ್ಟೆ. ಇದರಪ್ಪ ಇಂಥ ಕಪ್ ಗೆದ್ದವ್ನೆ, ಇದರವ್ವ ಇಂಥೋಳ ಮಗಳು. ಮರಿ ಫೋಟೋ ಬೇರೆ. ಒಂದು ಮರಿಗಾದ್ರೂ ‘ಇದು ಓಡಾಕಿಲ್ಲ’ ಅಂತ ಬರೆದಿದ್ದು ನಾನು ನೋಡಿಲ್ಲ.”

“ಹಂಗಾದ್ರೆ ಬರೆದಿದ್ದೆಲ್ಲ ಸುಳ್ಳಾ?”

“ಸುಳ್ಳು ಯಾಕಾಯ್ತದೆ? ಅಪ್ಪ ಅವ್ವನ ವಿಷಯ ಎಲ್ಲ ನಿಜವೇ. ಆದ್ರೆ ಓಡೋದು ಮರಿ ಕಾಲು ತಾನೇ? ಬುದ್ಧಿ ಇರೋ ಸಾಹುಕಾರ್ರು ಪುಸ್ತಕ ಓದ್ಕೊಂಡೇ ಬರೋರು. ಆಮೇಲೆ ಪುಸ್ತಕ ಕಂಕುಳಿಗೆ ಸಿಕ್ಕಿಸ್ಕೊಂಡು, ಬಗ್ಗಿ ಕಾಲು ಹಿಡಿದು ನೋಡೋರು. ನೀನು ಕಾಲು ನೋಡಿದ್ಯೇನ್ಲಾ?”

ಮೊದಲ ಪುಟದ ಹಸಿರು ಚೌಕವನ್ನು ಬಿಟ್ಟರೆ ನಾನು ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ತುಮಕೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಹದಿನಾಲ್ಕು ಪುಟವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ, ಅದೂ ಹಿಂದಿನಿಂದ. ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಈ ಕಂಪನಿಗೆ ಬಂಡವಾಳ ಎತ್ತಿಕೊಡುವ ಕೆಲಸವನ್ನು ಈ ವರದಿ ಬರೆಸಿದ ಬ್ರೋಕರೇಜ್ ಸಂಸ್ಥೆಯೇ ಮಾಡಿದ್ದು ಅದಕ್ಕಾಗಿ ಶುಲ್ಕ ಪಡೆದಿರುತ್ತದೆ ಎಂದಿತ್ತು. ಹನ್ನೆರಡನೆಯ ಪುಟದಲ್ಲಿ, ಕಂಪನಿಗೆ ಸದ್ಯ ಇರುವುದು ಒಬ್ಬನೇ ಗಿರಾಕಿ ಎಂದಿತ್ತು. ಹನ್ನೊಂದನೆಯ ಪುಟದಲ್ಲಿ ಒಂದು ಕೋಷ್ಟಕದ ಅಡಿಟಿಪ್ಪಣಿ: ಮೇಲಿನ ಗುರಿ ಬೆಲೆಯು, ಕಂಪನಿಗೆ ಬರುವ ವರ್ಷ ಒಂದು ದೊಡ್ಡ ಆರ್ಡರು ಸಿಗುತ್ತದೆ ಎಂಬ ಊಹೆಯನ್ನು ಆಧರಿಸಿದೆ. ನಾನು ಆ ಸಾಲನ್ನು ಮೂರು ಸಲ ಓದಿದೆ. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಮುಂದಿನ ಪುಟದಲ್ಲಿ ಆಸೆಯನ್ನೂ ಹಿಂದಿನ ಪುಟದಲ್ಲಿ ಅನುಮಾನವನ್ನೂ ಪ್ರಾಮಾಣಿಕವಾಗಿ ಅಚ್ಚು ಹಾಕಿಸಿದ್ದರು. ಹಿಂದಿನ ಪುಟದವರೆಗೆ ಹೋಗದೆ ಇದ್ದದ್ದು ನಾನು. ಅತ್ತೆಯ ಬಲಮಂಡಿ ‘ಸಿಗುತ್ತದೆ ಎಂಬ ಊಹೆ’ಯ ಮೇಲೆ ನಿಂತಿತ್ತು.

ಮನೆಗೆ ಬಂದರೆ ಫ್ರಿಜ್ಜಿನ ಮೇಲೆ ಚೀಟಿ. ‘ಅಮ್ಮನಿಗೆ ಬೇಗ ಡೇಟ್ ಸಿಕ್ಕಿದೆ. ಬರೋ ವಾರವೇ ಆಪರೇಷನ್. ಎರಡೂ ಒಟ್ಟಿಗೆ ಮಾಡ್ತಾರಂತೆ. ಭಾನುವಾರ ಗುಬ್ಬಿಗೆ ಹೋಗಿ ಕರ್ಕೊಂಡು ಬರೋಣ. ದುಡ್ಡು ತೆಗೆಸಿಡಿ.’ ಎರಡೂ ಒಟ್ಟಿಗೆ ಎಂಬ ಮಾತಿನ ಕೆಳಗೆ ಅವಳು ಖುಷಿಗೆ ಗೆರೆ ಎಳೆದಿದ್ದಳು. ನನಗೆ ಮಾತ್ರ ಅದು ಉತ್ತರ ಪತ್ರಿಕೆಯ ಮೇಲೆ ತಪ್ಪಿಗೆ ಎಳೆದ ಕೆಂಪು ಗೆರೆಯಂತೆ ಕಂಡಿತು. ಭಾನುವಾರದವರೆಗೆ ನಾನು ತಿಂದದ್ದು ಏನೆಂದು ನೆನಪಿಲ್ಲ. ಹೇಳಬೇಕೆಂದು ಬಾಯಿ ತೆರೆಯುವುದು, “ಉಪ್ಪು ಕಮ್ಮಿ ಆಯ್ತಾ?” ಎಂದು ಅವಳು ಕೇಳುವುದು, ಹೌದೆಂದು ತಲೆಯಾಡಿಸಿ ಉಪ್ಪು ಹಾಕಿಕೊಳ್ಳುವುದು. ಮೂರು ದಿನ ಹೀಗೇ ಉಪ್ಪು ತಿಂದೆ.

ಗುಬ್ಬಿಯ ಮನೆಯ ನಡುಮನೆಯಲ್ಲಿ ಅತ್ತೆ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಬಟ್ಟೆ ತುಂಬಿದ ಬ್ಯಾಗು ಪಕ್ಕದಲ್ಲಿ ಸಿದ್ಧವಾಗಿತ್ತು. ಒಳಗಿನಿಂದ ಸುಮಿತ್ರ ಕಾಫಿ ತಂದಳು. ನಾನು ಕಾಫಿ ಮುಟ್ಟದೆ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದೆ. ಅರ್ಧ ಹಣ ಷೇರಿಗೆ ಹಾಕಿದ್ದು, ಅದರಲ್ಲಿ ಈಗ ಹೆಚ್ಚುಕಡಿಮೆ ಅರ್ಧ ಕರಗಿದ್ದು. ಸುಮಿತ್ರ ಲೋಟವನ್ನು ಟೇಬಲ್ಲಿನ ಮೇಲಿಟ್ಟಳು. “ಲ್ಯಾಬಿಗೆ ಕರ್ಕೊಂಡು ಹೋದಾಗ್ಲೂ ಹೇಳ್ಲಿಲ್ವಲ್ರೀ. ನಿಮಗೇನಾಗಿದ್ಯೋ ಅಂತ ನಾನು ಎಷ್ಟು ಹೆದರಿದ್ದೆ ಗೊತ್ತಾ?” ಎಂದಳು. ಅವಳು ಕೂಗಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕಣ್ಣು ಒರೆಸಿಕೊಂಡಳು.

ಅತ್ತೆ ಮಾತ್ರ, ಅಂಗಡಿಗೆ ಬಂದ ಮಾಲನ್ನು ನೋಡುವವರ ಹಾಗೆ, “ಅದೇನು ಕಾಗದ, ಓದು ನೋಡಾನ” ಎಂದರು. ನಾನು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದು ಹೇಳಿದೆ. ಕನ್ನಡದಲ್ಲಿ ಹೇಳಿದ ತಕ್ಷಣ ಆ ವರದಿ ಮಾನ ಕಳೆದುಕೊಂಡಿತು. ಇಂಗ್ಲಿಷಿನಲ್ಲಿ ಗಂಭೀರವಾಗಿದ್ದ ವಾಕ್ಯವೆಲ್ಲ ಕನ್ನಡದಲ್ಲಿ ‘ಆದರೂ ಆಗಬಹುದು, ಆಗದೆಯೂ ಇರಬಹುದು’ ಎಂದಾಗುತ್ತಿತ್ತು. ಅತ್ತೆ ಎರಡು ಪುಟ ಕೇಳಿ ಕೈ ಎತ್ತಿದರು.

“ಸಾಕು ಬುಡು. ಅಂಗಡಿಗೆ ದಿನಾ ಬರೋರಪ್ಪ ಇಂಥೋರು. ಹೊಸ ಸೋಪು, ಹೊಸ ಚಾಪುಡಿ. ಅಮ್ಮಾ ಇದು ಹಂಗೆ ಹೋಯ್ತದೆ, ಹಿಂಗೆ ಹೋಯ್ತದೆ ಅನ್ನೋರು. ನಾನು ಒಂದೇ ಕೇಳ್ತಿದ್ದೆ. ಹೋಗ್ದಿದ್ರೆ ವಾಪಸ್ ತಗೊಂತೀಯಾ? ತಗೊಂತೀನಿ ಅಂದೋನ ಹತ್ರ ಎರಡು ಡಜನ್ ಹಾಕಿಸ್ಕೊತಿದ್ದೆ. ಇದು ಬರೆದೋನು ವಾಪಸ್ ತಗೊಂತಾನಾ?”

“ಇಲ್ಲತ್ತೆ.”

“ಅವನು ಬುದ್ಧಿವಂತ. ನಿಂದೇನು ಕತೆ?” ಎಂದರು. ಆಮೇಲೆ ಅವರೇ, “ನನಗೂ ಒಂದು ಸಲ ಹುಳ ಬಿದ್ದ ಕಡಲೆಬೇಳೆ ಮೂಟೆ ಬಂದಿತ್ತು. ಇಟ್ಕೊಂಡಷ್ಟೂ ಪಕ್ಕದ ಮೂಟೆಗೂ ಹುಳ ಹತ್ತುತ್ತೆ. ನಾಳೆ ಮಾರ್ಬುಡು” ಎಂದರು. ಇಷ್ಟು ದಿನ ನಾನು ನಾಲ್ಕು ಕಂಪನಿಗಳ ವರದಿಗಳಲ್ಲಿ ಹುಡುಕಿದರೂ ಸಿಗದಿದ್ದ ಪದ ಗುಬ್ಬಿಯ ನಡುಮನೆಯಲ್ಲಿ ಸಿಕ್ಕಿತು.

ಸೋಮವಾರ ಒಂಬತ್ತೂಕಾಲಿಗೆ ಮಾರಿದೆ. ಶೌಚಾಲಯದಿಂದಲ್ಲ, ಮಾಲೀಕರ ಅನುಮತಿ ಕೇಳಿ, ಕಾರ್ಖಾನೆಯ ಬೇವಿನ ಮರದ ಕೆಳಗೆ ನಿಂತು ಮಾರಿದೆ. ಕಡಿಮೆ ಬಿದ್ದದ್ದಕ್ಕೆ, ನಾನು ಎರಡು ದವಡೆಹಲ್ಲು ಕಟ್ಟಿಸಿಕೊಳ್ಳಲೆಂದು ಕೂಡಿಸಿಟ್ಟಿದ್ದ ಹಣ ಹೋಯಿತು. ಆಮೇಲೂ ಸಾಲದ್ದಕ್ಕೆ ಸುಮಿತ್ರ ತಾನು ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿಯ ಹಣ ಎತ್ತಿ ತಂದುಕೊಟ್ಟಳು. ಆಪರೇಷನ್ನಿನ ದಿನ ಥಿಯೇಟರಿನ ಹೊರಗೆ ಕೂತಿದ್ದ ನಾಲ್ಕು ಗಂಟೆ ನನಗೆ ಷೇರಿನ ನೆನಪೇ ಬರಲಿಲ್ಲ. ನಿಜವಾದ ಭಯದ ಮುಂದೆ ಕೊಂಡು ತಂದ ಭಯ ನಿಲ್ಲುವುದಿಲ್ಲವೆಂದು ಕಾಣುತ್ತದೆ. ಡಾಕ್ಟರು ಹೊರಗೆ ಬಂದು, ಎರಡೂ ಚೆನ್ನಾಗಿ ಆಗಿದೆ ಎಂದರು. ಬರೆದುಕೊಡಿ ಎಂದು ನಾನು ಕೇಳಲಿಲ್ಲ. ಗುಬ್ಬಿಯಿಂದ ಬಂದ ಮೇಲೆ ಮೊದಲ ಸಲ ಸುಮಿತ್ರ ನನ್ನ ಮುಖ ನೋಡಿ ನಕ್ಕಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪಾಠ ಕಲಿತವನು ಎಂದು ಹೇಳಿಕೊಳ್ಳಬಹುದಿತ್ತು. ಅತ್ತೆ ಚೇತರಿಸಿಕೊಳ್ಳಲು ನಮ್ಮ ಮನೆಯಲ್ಲೇ ಉಳಿದರು. ಅವರ ಮಂಡಿ ಬಗ್ಗಿಸುವ ವ್ಯಾಯಾಮ ಮಾಡಿಸಲು ಶೋಭಾ ಎಂಬ ಫಿಸಿಯೋಥೆರಪಿಯವರು ದಿನವೂ ಸಂಜೆ ಬರತೊಡಗಿದರು. ಗಟ್ಟಿ ಕೈಯವರು, ಮೃದು ಮಾತಿನವರು. ಒಂದು ರಜೆಯ ದಿನ, ಅತ್ತೆ ಮಲಗಿದ್ದಾಗ, “ಸಾರ್, ಆ ಕ್ವಾಂಟಂ ಷೇರು ನಿಮಗೆ ಗೊತ್ತಂತಲ್ಲ, ಮೇಡಂ ಅಂದ್ರು. ನಮ್ಮನೇಲೂ ಅದ್ರ ಬಗ್ಗೆ ಒಂದು ರಿಪೋರ್ಟ್ ಬಂದಿದೆ. ಹೆಂಗೆ ಸಾರ್ ಅದು?” ಎಂದು ಕೇಳಿದರು. ಅವರನ್ನು ತಡೆಯಬೇಕೆಂದೇ ನಾನು ಕುರ್ಚಿ ಎಳೆದುಕೊಂಡು ಕೂತದ್ದು. ದೇವರಾಣೆ, ಅದೇ ನನ್ನ ಉದ್ದೇಶ. ಆದರೆ ಎಚ್ಚರಿಸುವ ಮೊದಲು ಆ ಕಂಪನಿ ಏನು ಮಾಡಲಿದೆ ಎಂದು ತಿಳಿಸಬೇಕಲ್ಲವೇ? ಇಷ್ಟು ದಿನ ಓದಿದ್ದೆಲ್ಲ ಬಾಯಿಗೆ ಬಂತು. ಜಗತ್ತು ಹೇಗೆ ಬದಲಾಗಲಿದೆ, ಚಿಪ್ಪು ಎಂದರೇನು, ಆರ್ಡರು ಸಿಕ್ಕರೆ ಏನಾಗುತ್ತದೆ. ಅವರು ಕಣ್ಣರಳಿಸಿ ಕೇಳುತ್ತಿದ್ದರು. ನನ್ನ ಮಾತನ್ನು ಅಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ. ನಲವತ್ತು ನಿಮಿಷ ಮಾತನಾಡಿ, ಅವರು ಚಪ್ಪಲಿ ಮೆಟ್ಟಿಕೊಳ್ಳುವಾಗ, “ಅಪಾಯನೂ ಇದೆ, ನೋಡ್ಕೊಂಡು ಮಾಡಿ. ಇದು ಬರೀ ನನ್ನ ಅಭಿಪ್ರಾಯ” ಎಂದು ಸೇರಿಸಿದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮರುದಿನವೇ ಕೊಂಡರು.

ಈಗ ಷೇರು ಏರಿದ ದಿನ ಶೋಭಾ ಹಾಡು ಗುನುಗುತ್ತ ಬರುತ್ತಾರೆ, ಅವರ ಕೈ ಬೆಣ್ಣೆಯಂತಿರುತ್ತದೆ. ಇಳಿದ ದಿನ ಬಾಗಿಲಲ್ಲಿ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಕೋಣೆಯಿಂದ “ಅಯ್ಯೋ ಶಿವನೇ!” ಎಂದು ಅತ್ತೆಯ ಕೂಗು ಕೇಳಿಸುತ್ತದೆ. ಮೊನ್ನೆ ಅವರು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, “ಈ ಯಮ್ಮ ಒಂದೊಂದಿನ ಹಿಂಗ್ಯಾಕಪ್ಪ ಹಿಂಡ್ತಾಳೆ? ನೀನೇನಾದ್ರೂ ಅಂದ್ಯಾ ಅವಳಿಗೆ?” ಎಂದು ಕೇಳಿದರು. “ಇಲ್ಲತ್ತೆ, ನಾನೇನೂ ಅಂದಿಲ್ಲ” ಎಂದೆ. ಆ ಕಂಪನಿಯಲ್ಲಿ ಈಗ ನನ್ನದು ಒಂದು ಪೈಸೆಯೂ ಇಲ್ಲ. ಆದರೂ ದಿನಾ ಬೆಳಗ್ಗೆ ಸ್ನಾನ ಮಾಡಿ, ದೇವರ ಮುಂದೆ ನಿಂತು, ಅದಕ್ಕೆ ಹೇಗಾದರೂ ಆ ದೊಡ್ಡ ಆರ್ಡರು ಸಿಗಲಪ್ಪ ಎಂದು ಬೇಡಿಕೊಳ್ಳುತ್ತಿದ್ದೇನೆ.